ಕಬ್ಬಿನ ಹಾಲನ್ನು ತೂಗುವ ಗಾಜಿನ ಕೊಳವೆ

ಆಳಂದ ತಾಲೂಕಿನಿಂದ ಹರಿದುಬರುವ ಅಮರ್ಜಾ ನದಿಯು ಅಫಜಲಪುರ ತಾಲೂಕಿನ ಗಾಣಗಾಪುರದ ಬಳಿ ಭೀಮೆಯನ್ನು ಕೂಡಿಕೊಳ್ಳುತ್ತದೆ. ತೊಗರಿಗೂ ಜೋಳಕ್ಕೂ ಹೆಸರಾದ ಈ ಎರೆಯ ನೆಲದಲ್ಲಿ ನೀರು ಒದಗಿದೆಡೆಯಲ್ಲೆಲ್ಲ ಈಗ ಕಬ್ಬು ಬೆಳೆಯುತ್ತಿದ್ದು, ಆಳಂದದ ಭೂಸನೂರಿನಲ್ಲಿಯೂ ಅಫಜಲಪುರದ ಹವಳಗಾದಲ್ಲಿಯೂ ಸಕ್ಕರೆ ಕಾರ್ಖಾನೆಗಳು ನೆಲೆಗೊಂಡಿವೆ. ಕಬ್ಬಿನ ದರವು ರಿಕವರಿಗೆ, ಎಂದರೆ ನೂರು ಭಾಗ ಕಬ್ಬಿನಿಂದ ಕೈಸೇರುವ ಸಕ್ಕರೆಯ ಪಾಲಿಗೆ, ಹೊಂದಿಕೊಂಡಿರುವುದರಿಂದ, ಕಬ್ಬಿನ ಹಾಲಿನಲ್ಲಿ ಸಕ್ಕರೆ ಎಷ್ಟಿದೆಯೆಂಬ ಪ್ರಶ್ನೆಯು ಇಲ್ಲಿಯ ರೈತನ ಸಂಸಾರಕ್ಕೇ ಸಂಬಂಧಪಟ್ಟುದು. ಆ ಪ್ರಶ್ನೆಗೆ ಮೊದಲ ಉತ್ತರವನ್ನು ನೀಡುವ ಸರಳ ಸಾಧನವೇ ದ್ರವಗಳ ಸಾಂದ್ರತೆಯನ್ನು ಅಳೆಯುವ ಹೈಡ್ರೊಮೀಟರ್.

ಒಂದು ಘನ ಸೆಂಟಿಮೀಟರ್ ಸ್ಥಳದಲ್ಲಿ ಎಷ್ಟು ಗ್ರಾಂ ದ್ರವ್ಯ ಅಡಕವಾಗಿದೆಯೆಂಬುದೇ ಸಾಂದ್ರತೆ. 4 ಡಿಗ್ರಿ ಉಷ್ಣತೆಯ ಶುದ್ಧ ಜಲದಲ್ಲಿ ಅದು 1 ಗ್ರಾಂ. ನಮ್ಮ ಸೀಮೆಯ ಕುಸುಬೆ ಎಣ್ಣೆಯಲ್ಲಿ ಸುಮಾರು 0.92, ಪಾದರಸದಲ್ಲಿ 13.6. ನೀರಿನಲ್ಲಿ ಸಕ್ಕರೆ ಕರಗಿದಷ್ಟೂ ಸಾಂದ್ರತೆ ಏರುತ್ತದೆ: ನೂರು ಗ್ರಾಂ ದ್ರಾವಣದಲ್ಲಿ 20 ಗ್ರಾಂ ಸಕ್ಕರೆಯಿದ್ದರೆ ಅದು ಸುಮಾರು 1.08. ಈ ಸಂಬಂಧವನ್ನು ಆಧರಿಸಿ ಜರ್ಮನಿಯ ಅಡಾಲ್ಫ್ ಬ್ರಿಕ್ಸ್ (1798–1870) ಸಿದ್ಧಪಡಿಸಿದ ಮಾನದಲ್ಲಿ ಈ ದ್ರಾವಣವು 20 ಬ್ರಿಕ್ಸ್ ಎನಿಸಿಕೊಳ್ಳುತ್ತದೆ.

ತೇಲುವ ವಸ್ತುವು ತನ್ನ ತೂಕಕ್ಕೆ ಸಮನಾದ ತೂಕದ ದ್ರವವನ್ನು ಪಕ್ಕಕ್ಕೆ ಸರಿಸುತ್ತದೆಯೆಂಬ ಆರ್ಕಿಮಿಡೀಸನ ತತ್ವವೇ ಈ ಯಂತ್ರದ ಪ್ರಾಣ. ಐದನೆಯ ಶತಮಾನದ ಆದಿಯಲ್ಲಿಯೇ ಸೈನೀಸಿಯಸ್ ಎಂಬಾತನು ಇಂಥದೊಂದು ಸಾಧನವನ್ನು ಮಾಡಿಸಿಕೊಡುವಂತೆ ಅಲೆಕ್ಸಾಂಡ್ರಿಯದ ವಿದುಷಿ ಹೈಪೇಷಿಯಾಳಿಗೆ ಪತ್ರ ಬರೆದಿದ್ದನು. ಇಂದಿನ ಹೈಡ್ರೊಮೀಟರಿನ ರಚನೆ ಇಷ್ಟೇ: ಕೆಳಗೆ ಸೀಸದ ಗುಂಡುಗಳನ್ನು ತುಂಬಿದ, ಉಬ್ಬಿದ ಗಾಜಿನ ಬುಡ, ಮೇಲೆ ಅಂಕಿಗಳನ್ನು ಗುರುತಿಸಿದ ತೆಳುವಾದ ಕೊಳವೆ. 30 ಗ್ರಾಂ ತೂಕದ ಹೈಡ್ರೊಮೀಟರ್ ನೀರಿನಲ್ಲಿ 30 ಘನ ಸೆಂಟಿಮೀಟರಿನಷ್ಟು ಮುಳುಗಿದರೆ, 1.08 ಸಾಂದ್ರತೆಯ ಕಬ್ಬಿನ ಹಾಲಿನಲ್ಲಿ 27.8ರಷ್ಟು ಮುಳುಗಿದೊಡನೆಯೇ ಅದರ ಭಾರ ಸರಿದೂಗುತ್ತದೆ. ವ್ಯತ್ಯಾಸ ಕೇವಲ 2.2 ಘನ ಸೆಂಟಿಮೀಟರ್. ಆದರೆ ಮೇಲಿನ ಕೊಳವೆಯ ಅಡ್ಡಕೊಯ್ತವು ಕಾಲು ಚದರ ಸೆಂಟಿಮೀಟರ್ ಮಾತ್ರವಿದ್ದಲ್ಲಿ, ಅಷ್ಟಕ್ಕೇ ಅದು ಸುಮಾರು 9 ಸೆಂಟಿಮೀಟರ್ ಮೇಲೇಳುತ್ತದೆ. ಕೊಳವೆ ತೆಳುವಾದಷ್ಟೂ ಅಳತೆ ಸೂಕ್ಷ್ಮವಾಗುವುದು ಇದರಿಂದಲೇ. ದ್ರವವು ಸಾಂದ್ರವಾದಂತೆ ಕೊಳವೆ ಮೇಲೇಳುವುದರಿಂದ, ಅದರ ಮೇಲಿನ ಅಂಕಿಗಳು ಕೆಳಕೆಳಗೆ ಹೋದಂತೆ ದೊಡ್ಡವಾಗುತ್ತವೆ.

ಅಳೆಯುವ ಕೈಗೆ ತಾಳ್ಮೆ ಬೇಕು. ಆಗತಾನೇ ಹಿಂಡಿದ ಹಾಲಿನಲ್ಲಿ ಗಾಳಿಯ ಗುಳ್ಳೆಗಳು ತುಂಬಿರುವುದರಿಂದ ಅಂಕಿಯು ಇರುವುದಕ್ಕಿಂತ ಕಡಿಮೆಯಾಗಿ ತೋರುತ್ತದೆ. ಆದುದರಿಂದ ಅದನ್ನು ಸೋಸಿ, ಎತ್ತರದ ಪಾತ್ರೆಯಲ್ಲಿ ಕೆಲಕಾಲ ನಿಲ್ಲಗೊಟ್ಟು, ನೊರೆ ತೆಗೆದು, ಕೊಳವೆಯು ಪಾತ್ರೆಯ ಗೋಡೆಗೆ ತಾಗದಂತೆ ಇಳಿಬಿಟ್ಟು, ಕಣ್ಣನ್ನು ದ್ರವದ ಮಟ್ಟಕ್ಕೇ ತಂದು ಓದಬೇಕು. ಬಿಸಿಲಿನಲ್ಲಿ ಕಾದ ಹಾಲು ಹಿಗ್ಗಿ ಹಗುರಾಗುವುದರಿಂದ ಉಷ್ಣತೆಗೆ ತಕ್ಕ ತಿದ್ದುಪಡಿಯನ್ನೂ ಮಾಡತಕ್ಕದ್ದು.

ಇಷ್ಟಾದರೂ ಯಂತ್ರವು ಹೇಳುವುದು ದ್ರವ ಎಷ್ಟು ಸಾಂದ್ರವೆಂಬುದನ್ನು ಮಾತ್ರ. ಆ ಸಾಂದ್ರತೆ ಯಾವುದರಿಂದ ಬಂದಿತೆಂಬುದು ಅದಕ್ಕೆ ತಿಳಿಯದು. ಕಬ್ಬಿನ ಹಾಲಿನಲ್ಲಿ ಸಕ್ಕರೆಯೊಡನೆ ಲವಣಗಳೂ ಇತರ ದ್ರವ್ಯಗಳೂ ಕರಗಿರುತ್ತವೆ. ಅವೆಲ್ಲವೂ ಬ್ರಿಕ್ಸ್‌ನಲ್ಲಿ ಸೇರಿಹೋಗುತ್ತವೆ. ಆದಕಾರಣವೇ ಕಾರ್ಖಾನೆಯ ಪ್ರಯೋಗಶಾಲೆಯಲ್ಲಿ ಬೆಳಕಿನ ನೆರವಿನಿಂದ ಸಕ್ಕರೆಯನ್ನು ಪ್ರತ್ಯೇಕವಾಗಿ ಅಳೆದು, ಆ ಅಳತೆಯನ್ನು ಬ್ರಿಕ್ಸ್‌ನಿಂದ ಭಾಗಿಸಿ, ಹಾಲಿನ ಶುದ್ಧತೆಯನ್ನು ನಿರ್ಣಯಿಸುವರು. ಡೈರಿಯ ಲ್ಯಾಕ್ಟೋಮೀಟರಿಗೂ ಇದೇ ಮಿತಿ. ಹಸುವಿನ ಹಾಲಿಗೆ ನೀರು ಬೆರೆಸಿದರೆ ಸಾಂದ್ರತೆ ಇಳಿಯುತ್ತದೆ, ಕೆನೆ ತೆಗೆದರೆ ಏರುತ್ತದೆ. ಎರಡನ್ನೂ ಹದವರಿತು ಮಾಡಿದರೆ ಅಂಕಿ ಮೊದಲಿದ್ದಲ್ಲಿಯೇ ನಿಲ್ಲುತ್ತದೆ. ಹೀಗಾಗಿಯೇ ಕೊಬ್ಬಿನ ಪರೀಕ್ಷೆಯನ್ನು ಬೇರೆಯಾಗಿ ಮಾಡಬೇಕಾಯಿತು.

ಅಳತೆಯ ಬಲವನ್ನೂ ಮಿತಿಯನ್ನೂ ಒಟ್ಟಿಗೇ ಅರಿತವನಿಗೆ ಅಂಕಿ ಸಹಾಯಕ, ಅರಿಯದವನಿಗೆ ಅದೊಂದು ಆಜ್ಞೆ. ಭೀಮಾತೀರದ ಶಾಲೆಗಳಲ್ಲಿ ಈ ಪಾಠಕ್ಕೆ ಬೇಕಾಗುವ ವೆಚ್ಚ ಅತ್ಯಲ್ಪ: ಹೀರುಕೊಳವೆಯೊಂದರ ತುದಿಯನ್ನು ಮೇಣದಿಂದ ಮುಚ್ಚಿ, ನೆಟ್ಟಗೆ ತೇಲುವಷ್ಟು ಮರಳು ತುಂಬಿ, ನೀರಿನಲ್ಲಿ ಅದು ನಿಂತ ಮಟ್ಟಕ್ಕೆ ಸೊನ್ನೆಯನ್ನೂ, 85 ಗ್ರಾಂ ನೀರಿಗೆ 15 ಗ್ರಾಂ ಸಕ್ಕರೆ ಕರಗಿಸಿದ ದ್ರಾವಣದಲ್ಲಿ ನಿಂತ ಮಟ್ಟಕ್ಕೆ 15ನ್ನೂ ಗುರುತು ಮಾಡಿದರೆ ಬ್ರಿಕ್ಸ್ ಮಾನವೊಂದು ಸಿದ್ಧವಾಯಿತು. ತನ್ನ ಹೊಲದ ಕಬ್ಬಿನ ಬುಡದ ಹಾಲನ್ನೂ ತುದಿಯ ಹಾಲನ್ನೂ ಇದರಿಂದ ಬೇರೆಬೇರೆಯಾಗಿ ಅಳೆದುನೋಡಿದ ವಿದ್ಯಾರ್ಥಿಯು, ಎರಡರ ಅಂಕಿಗಳು ಸಮೀಪಿಸಿದಂತೆ ಬೆಳೆ ಪಕ್ವವಾಗುತ್ತದೆಂಬುದನ್ನು ತಾನೇ ಕಂಡುಕೊಳ್ಳುವನು. ಕಟಾವಿಗೆ ಕಾಲ ಕೂಡಿತೇ ಎಂಬ ವಿಷಯದಲ್ಲಿ ಮನೆಯ ಹಿರಿಯರೊಡನೆ ಆಧಾರಸಹಿತವಾಗಿ ಮಾತನಾಡಲೂ ಬಲ್ಲವನಾಗುವನು.