ಜಡೆ ಹೆಣೆಯಲು ಏಳದ ಕೈ

ಖಾನಾಪುರ ತಾಲೂಕಿನ ಬೀಡಿಯಲ್ಲಿರುವ ನಮ್ಮ ಖಾಲಾಗೆ ಆಗ ಐವತ್ತೆರಡು ವರ್ಷ. ದಿನವಿಡೀ ಭತ್ತದ ಗದ್ದೆಯಲ್ಲಿ ದುಡಿದು ಬಂದು ಸಂಜೆ ಮನೆಮಂದಿಗೆಲ್ಲ ರೊಟ್ಟಿ ತಟ್ಟುವ ಹೆಂಗಸು. ಒಂದು ಮಳೆಗಾಲದಲ್ಲಿ ಅವರ ಬಲಭುಜ ನೋಯತೊಡಗಿತು. ಕೆಲಸದ ನೋವು ಇರಬೇಕೆಂದು ಯಾರಿಗೂ ಹೇಳಲಿಲ್ಲ. ರಾತ್ರಿ ಆ ಮಗ್ಗುಲಿಗೆ ಮಲಗಲಾಗದೆ ಎದ್ದು ಕೂರುತ್ತಿದ್ದರಂತೆ. ನಾಲ್ಕೈದು ತಿಂಗಳಲ್ಲಿ ಜಡೆ ಹೆಣೆದುಕೊಳ್ಳಲು ಕೈ ಹಿಂದಕ್ಕೆ ಹೋಗದಾಯಿತು. ನಮಾಝಿಗೆ ನಿಂತಾಗ ಬಲಗೈ ಹೆಗಲ ಮಟ್ಟಕ್ಕೂ ಬಾರದೆ ಎದೆಯ ಬಳಿಯೇ ಉಳಿಯುತ್ತಿತ್ತು. ಅದನ್ನು ಕಂಡ ಸೊಸೆ, "ಅಮ್ಮೀ, ಕೈಗೆ ಏನಾಯಿತು?" ಎಂದು ಕೇಳಿದಾಗಲೇ ವಿಷಯ ಹೊರಬಿದ್ದದ್ದು.

ಎಣ್ಣೆ ತಿಕ್ಕಿದ್ದಾಯಿತು. ತಿಳಿದವರೆಂದುಕೊಂಡ ಒಬ್ಬರು ಕೈಯನ್ನು ಜಗ್ಗಿಯೂ ನೋಡಿದರು, ನೋವು ಇಮ್ಮಡಿಯಾಯಿತು. ಕೊನೆಗೆ ಬೆಳಗಾವಿಗೆ ಕರೆದೊಯ್ದಾಗ ವೈದ್ಯರು ಭುಜವನ್ನು ಪರೀಕ್ಷಿಸಿ, ರಕ್ತ ಪರೀಕ್ಷೆಗೆ ಬರೆದುಕೊಟ್ಟರು. ಭುಜದ ನೋವಿಗೆ ರಕ್ತ ಪರೀಕ್ಷೆ ಏಕೆಂದು ನಮಗೆಲ್ಲ ಆಶ್ಚರ್ಯ.

ಭುಜದಲ್ಲಿ ಮೂರು ಎಲುಬುಗಳಿವೆ. ತೋಳಿನ ಎಲುಬು, ಬೆನ್ನಿನ ಮೇಲ್ಭಾಗದ ತ್ರಿಕೋನಾಕಾರದ ಹೆಗಲ ಹಲಗೆ, ಕುತ್ತಿಗೆಯ ಕೆಳಗೆ ಬೆರಳಿಗೆ ಸಿಗುವ ಕಾಲರ್ ಬೋನ್. ತೋಳಿನ ಎಲುಬಿನ ದುಂಡನೆಯ ತಲೆಯು ಹೆಗಲ ಹಲಗೆಯ ಗುಳಿಯಲ್ಲಿ ತಿರುಗುತ್ತದೆ. ಸೊಂಟದ ಕೀಲೂ ಇಂಥದ್ದೇ, ಆದರೆ ಅಲ್ಲಿನ ಗುಳಿ ಆಳವಾದ ಬಟ್ಟಲು. ಭುಜದ್ದು ಚಮಚದ ಮೇಲೆ ನಿಂಬೆಹಣ್ಣು ಇಟ್ಟಂತೆ. ಅದಕ್ಕೇ ಕೈ ಎಲ್ಲ ದಿಕ್ಕಿಗೂ ಹೊರಳುತ್ತದೆ, ಅದಕ್ಕೇ ದೇಹದ ದೊಡ್ಡ ಕೀಲುಗಳಲ್ಲಿ ಅತಿ ಹೆಚ್ಚು ಜಾರುವುದೂ ಇದೇ. ಸಾವಿರ ವರ್ಷಗಳ ಹಿಂದೆ ಸ್ಪೇನಿನ ಕೊರ್ಡೋಬಾದಲ್ಲಿದ್ದ ವೈದ್ಯ ಅಬುಲ್ ಕಾಸಿಂ ಅಲ್ ಝಹ್ರಾವಿ ತಮ್ಮ 'ಅಲ್ ತಸ್ರೀಫ್' ಗ್ರಂಥದ 30ನೆಯ ಭಾಗದಲ್ಲಿ ಜಾರಿದ ಕೀಲುಗಳನ್ನು ಕೂರಿಸುವ ಬಗೆಯನ್ನು ಬರೆದಿದ್ದಾರೆ.

ಇಡೀ ಕೈಯನ್ನು ಎದೆಗೂಡಿಗೆ ಎಲುಬಿನಿಂದ ಜೋಡಿಸಿರುವುದು ಕಾಲರ್ ಬೋನ್ ಒಂದೇ. ಹೆಗಲ ಹಲಗೆಯನ್ನು ಬೆನ್ನಿಗೆ ಹಿಡಿದಿರುವುದು ಬರೀ ಸ್ನಾಯುಗಳು. ಮಕ್ಕಳು ಕೈ ಮೇಲೆತ್ತುವಾಗ ಅವರ ಬೆನ್ನ ಮೇಲೆ ಅಂಗೈ ಇಟ್ಟು ನೋಡಿ, ಹಲಗೆ ಜಾರುವುದು ತಿಳಿಯುತ್ತದೆ. ಕೈ ಪೂರ್ತಿ ಏಳುವ 180 ಡಿಗ್ರಿಯಲ್ಲಿ ಸುಮಾರು 60 ಡಿಗ್ರಿ ಈ ಹಲಗೆಯದ್ದು.

ಕೀಲಿನ ತಲೆಯನ್ನು ಗುಳಿಯಲ್ಲಿ ಒತ್ತಿ ಹಿಡಿಯಲು ರೊಟೇಟರ್ ಕಫ್ ಎಂಬ ನಾಲ್ಕು ಸ್ನಾಯುಗಳಿವೆ. ವಯಸ್ಸಾದಂತೆ ಇವುಗಳ ತುದಿ ಸವೆದು ಹರಿಯುವುದುಂಟು. ಆಗ ನಾವಾಗಿ ಕೈ ಎತ್ತಲಾಗದಿದ್ದರೂ ಸಾಮಾನ್ಯವಾಗಿ ಇನ್ನೊಬ್ಬರು ಎತ್ತಿದರೆ ಏಳುತ್ತದೆ. ಖಾಲಾ ಅವರ ಕೈ ಯಾರು ಎತ್ತಿದರೂ ಏಳಲಿಲ್ಲ. ಕೀಲನ್ನು ಸುತ್ತುವರಿದ ಸಡಿಲವಾದ ಚೀಲ ಊದಿ, ದಪ್ಪಗಾಗಿ, ಕುಗ್ಗಿಹೋಗಿತ್ತು. ಅಮೆರಿಕದ ವೈದ್ಯ ಕಾಡ್‌ಮನ್ 1934ರಲ್ಲಿ ಇದನ್ನು ಫ್ರೋಜನ್ ಶೋಲ್ಡರ್ ಎಂದು ಕರೆದರು, ಅಂದರೆ ಹೆಪ್ಪುಗಟ್ಟಿದ ಭುಜ. 40ರಿಂದ 60ರ ವಯಸ್ಸಿನಲ್ಲಿ, ಗಂಡಸರಿಗಿಂತ ಹೆಂಗಸರಲ್ಲಿ ಇದು ಹೆಚ್ಚು. ಸಕ್ಕರೆ ಕಾಯಿಲೆ ಇದ್ದವರಲ್ಲಂತೂ ಹಲವು ಪಟ್ಟು ಹೆಚ್ಚು. ರಕ್ತ ಪರೀಕ್ಷೆಯ ಗುಟ್ಟು ಇದೇ. ಖಾಲಾಗೆ ಸಕ್ಕರೆ ಕಾಯಿಲೆ ಇರುವುದು ಅಂದೇ ಗೊತ್ತಾದದ್ದು!

ಮೊದಲ ತಿಂಗಳುಗಳಲ್ಲಿ ನೋವು, ಆಮೇಲೆ ಬಿಗಿತ, ಕೊನೆಗೆ ನಿಧಾನವಾಗಿ ಸಡಿಲ. ಎಲ್ಲ ಸೇರಿ ಒಂದರಿಂದ ಮೂರು ವರ್ಷ ಹಿಡಿಯಬಹುದು. ನೋವಿನ ಮಾತ್ರೆ, ಕೀಲಿನೊಳಗೆ ಸ್ಟೆರಾಯ್ಡ್ ಇಂಜೆಕ್ಷನ್ (ಇದರಿಂದ ಕೆಲವು ದಿನ ಸಕ್ಕರೆ ಏರಬಹುದು), ಜೊತೆಗೆ ಹೇಳಿಕೊಟ್ಟಷ್ಟೇ ವ್ಯಾಯಾಮ. ಬಲವಂತವಾಗಿ ಜಗ್ಗುವುದು ಮಾತ್ರ ಬೇಡವೇ ಬೇಡ.

ಇನ್ನೊಂದು ಮಾತು. ಭುಜದ ಎಲ್ಲ ನೋವೂ ಭುಜದ್ದಲ್ಲ. ಎಡಭುಜದ ನೋವಿನ ಜೊತೆ ಎದೆ ಭಾರ, ಬೆವರು, ಉಬ್ಬಸ ಇದ್ದರೆ ಅದು ಹೃದಯದ್ದಿರಬಹುದು, ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಪಿತ್ತಕೋಶದಲ್ಲಿ ಕಲ್ಲಿದ್ದರೆ ಬಲಭುಜ ನೋಯುವುದುಂಟು.

ಖಾಲಾ ಅಡುಗೆಮನೆಯ ಗೋಡೆಯ ಮೇಲೆ ಬೆರಳುಗಳನ್ನು ಒಂದೊಂದಾಗಿ ಮೇಲಕ್ಕೆ ಹತ್ತಿಸುತ್ತಿದ್ದರು. ಮುಟ್ಟಿದಲ್ಲಿಗೆ ಸೊಸೆ ಇದ್ದಿಲಿನಿಂದ ಗೆರೆ ಎಳೆಯುತ್ತಿದ್ದಳು. ಒಂದೂವರೆ ವರ್ಷದಲ್ಲಿ ಗೆರೆಗಳು ಒಲೆಯ ಮಟ್ಟದಿಂದ ಮೇಲಿನ ಹಲಗೆಯ ಡಬ್ಬಿಗಳವರೆಗೆ ಏರಿದವು. ಈಗ ಜಡೆಯನ್ನು ತಾವೇ ಹೆಣೆದುಕೊಳ್ಳುತ್ತಾರೆ. ಗೋಡೆಗೆ ಸುಣ್ಣ ಹೊಡೆಯುವಾಗ ಮಾತ್ರ ಆ ಗೆರೆಗಳನ್ನು ಮುಟ್ಟಬೇಡಿ ಎಂದು ತಡೆದರಂತೆ.