ಗುಮ್ಮಟಗಳ ಊರಿಗೆ ಗೈಡ್ ಬೇಕು

ಕಲಬುರಗಿಯನ್ನು ನೋಡಲೆಂದೇ ಬರುವವರು ಕಡಿಮೆ. ಹೈಕೋರ್ಟ್ ಪೀಠದ ಕೆಲಸ, ಪರೀಕ್ಷೆ, ಆಸ್ಪತ್ರೆ, ಮದುವೆ, ಉರುಸು, ಜಾತ್ರೆ ಎಂದು ಏನೋ ಒಂದು ನೆಪಕ್ಕೆ ಬಂದವರು, ರೈಲಿಗೆ ಇನ್ನೂ ಹೊತ್ತಿದೆಯಲ್ಲ ಎಂದು ಕೋಟೆಗೆ ಹೋಗಿ, ಜಾಮಿ ಮಸೀದಿಯ ಎದುರು ಫೋಟೊ ತೆಗೆಸಿಕೊಂಡು ಹೊರಟುಬಿಡುತ್ತಾರೆ. ಹಂಪಿಯ ರಥಬೀದಿಯಲ್ಲಿ ಇಳಿದ ಕೂಡಲೇ ಕೊರಳಲ್ಲಿ ಗುರುತಿನ ಚೀಟಿ ಹಾಕಿಕೊಂಡ ಗೈಡ್‌ಗಳು ಸುತ್ತುವರಿಯುತ್ತಾರಲ್ಲ, ಇಲ್ಲಿ ಹಾಗಿಲ್ಲ. ಗೈಡನ್ನು ನಾವೇ ಹುಡುಕಿಕೊಳ್ಳಬೇಕು. ಹಂಪಿಗಿಂತ ಕಲಬುರಗಿಗೇ ಗೈಡ್ ಹೆಚ್ಚು ಬೇಕು ಎಂಬುದು ನನ್ನ ವಾದ.

ಕಾರಣ ಸರಳ. ಹಂಪಿಯ ಕಲ್ಲಿನ ಮೇಲೆ ರಾಮಾಯಣವೇ ಇದೆ. ಕತೆ ಗೊತ್ತಿದ್ದವನಿಗೆ ಅರ್ಧ ಕೆಲಸ ಅಲ್ಲೇ ಮುಗಿಯಿತು. ಕಲಬುರಗಿಯಿಂದ ಆಳಿದ ಬಹಮನಿ ಸುಲ್ತಾನರು ಕಟ್ಟಿಸಿದ್ದರ ಮೇಲೆ ಮೂರ್ತಿಗಳಿಲ್ಲ, ಕತೆಯಿಲ್ಲ. ದಪ್ಪ ಗೋಡೆ, ಕಮಾನು, ಗುಮ್ಮಟ ಅಷ್ಟೇ. ಅವೂ ಒಂದೇ ಕಡೆ ಇಲ್ಲ. ಮನೆ, ಗ್ಯಾರೇಜು, ಶಾಲೆ, ಕಟ್ಟಿಗೆ ಅಡ್ಡೆಗಳ ನಡುವೆ ಊರ ತುಂಬ ಚೆದುರಿಕೊಂಡಿವೆ. ಯಾವುದು ಮೊದಲು, ಯಾವುದು ಆಮೇಲೆ ಎಂದು ಹೇಳುವವರಿಲ್ಲದಿದ್ದರೆ ಮೂರನೆಯ ಗುಮ್ಮಟದ ಹೊತ್ತಿಗೆ ಎಲ್ಲವೂ ಒಂದೇ ಥರ ಕಾಣತೊಡಗುತ್ತವೆ. ಮಕ್ಕಳು ಐಸ್‌ಕ್ರೀಮ್ ಕೇಳಲು ಶುರು ಮಾಡುತ್ತಾರೆ.

ಗೈಡ್ ಎಲ್ಲಿ ಸಿಗುತ್ತಾರೆ? ಪ್ರವಾಸೋದ್ಯಮ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ಕೇಳುವುದು ನೇರ ದಾರಿ. ತರಬೇತಿ ಪಡೆದು ಗುರುತಿನ ಚೀಟಿ ಹೊಂದಿದವರ ವಿವರ ಅಲ್ಲಿ ಸಿಗಬೇಕು. ಇನ್ನೊಂದು ದಾರಿ ಗುಲಬರ್ಗಾ ವಿಶ್ವವಿದ್ಯಾಲಯದ ಇತಿಹಾಸ ವಿಭಾಗದ ಕಡೆಯದು. ಸಂಶೋಧನೆ ಮಾಡುತ್ತಿರುವ ಹುಡುಗರೋ, ನಿವೃತ್ತ ಮೇಷ್ಟ್ರೋ ಸಿಕ್ಕರೆ ನಿಮ್ಮ ಪುಣ್ಯ. ಮೂರನೆಯದು ಆಟೊ ಚಾಲಕರು. ದಿನದ ಲೆಕ್ಕಕ್ಕೆ ಗಾಡಿ ಗೊತ್ತು ಮಾಡಿಕೊಂಡರೆ ದಾರಿಯ ಜೊತೆಗೆ ಕತೆಯೂ ಸಿಗುತ್ತದೆ. ದಾರಿ ತಪ್ಪುವುದಿಲ್ಲ, ಇಸವಿ ತಪ್ಪಬಹುದು. ಯಾರನ್ನೇ ಕರೆದುಕೊಂಡರೂ ಅರ್ಧ ದಿನವೋ ಪೂರ್ತಿ ದಿನವೋ, ಗಾಡಿ ಬಾಡಿಗೆ ಸೇರಿಯೋ ಬೇರೆಯೋ, ಹುಮನಾಬಾದ್ ರಸ್ತೆಯ ಕಮಲಾಪುರ ಸೇರಿದೆಯೋ ಇಲ್ಲವೋ ಎಂಬುದನ್ನೆಲ್ಲ ಮೊದಲೇ ಮಾತಾಡಿಕೊಳ್ಳುವುದು ಒಳ್ಳೆಯದು. ಬೇರೆ ಊರುಗಳ ಒಂದು ಕಾಟ ಇಲ್ಲಿಲ್ಲ: ಕಮಿಷನ್ ಆಸೆಗೆ ಕರಕುಶಲ ವಸ್ತುಗಳ ಅಂಗಡಿಗೆ ಎಳೆದೊಯ್ಯುವುದು. ಬಿದರಿ ಕೆಲಸ ಬೀದರಿನದು. ಕಲಬುರಗಿಯಿಂದ ಊರಿಗೆ ಒಯ್ಯಬೇಕಾದದ್ದು ತೊಗರಿಬೇಳೆ, ಅದು ಯಾವ ಕಿರಾಣಿ ಅಂಗಡಿಯಲ್ಲಾದರೂ ಸಿಗುತ್ತದೆ.

ಅನುಭವಸ್ಥ ಗೈಡ್‌ನ ಮೊದಲ ಮಾತು ಬಿಸಿಲಿನದು. “ಬರ್ರಿ ಸರ, ಬಿಸಲ ಏರೂದ್ರಾಗ ಗುಂಬಜ ನೋಡಿ ಬಂದ್ಬಿಡೋಣ್ರಿ.” ಏಪ್ರಿಲ್–ಮೇನಲ್ಲಿ ಇಲ್ಲಿ 40 ಡಿಗ್ರಿ ದಾಟುವುದು ಸುದ್ದಿಯೇ ಅಲ್ಲ. ನವೆಂಬರ್‌ನಿಂದ ಫೆಬ್ರವರಿಯವರೆಗೆ ಬಂದರೂ ಬೆಳಿಗ್ಗೆ ಬೇಗ ಹೊರಡುವುದೇ ಕ್ಷೇಮ.

ಎಲ್ಲಿಂದ ಶುರು ಮಾಡುತ್ತಾರೆ ಎಂಬುದರ ಮೇಲೆ ಗೈಡ್‌ನ ದರ್ಜೆ ಗೊತ್ತಾಗುತ್ತದೆ. ಹೆಚ್ಚಿನವರು ಸೀದಾ ಜಾಮಿ ಮಸೀದಿಗೆ ಕರೆದೊಯ್ಯುತ್ತಾರೆ. ಬಲ್ಲವರು ಮೊದಲು ಕೋಟೆಯ ಹೊರಗಿರುವ, ರಾಜವಂಶ ಸ್ಥಾಪಿಸಿದ ಅಲಾವುದ್ದೀನ್ ಹಸನ್ ಬಹಮನ್ ಷಾನ ಗೋರಿಯ ಮುಂದೆ ನಿಲ್ಲಿಸುತ್ತಾರೆ. 1347ರಲ್ಲಿ ದೆಹಲಿಯ ತುಘಲಕ್‌ನ ಹಿಡಿತದಿಂದ ಸಿಡಿದು ದಖ್ಖನ್‌ನಲ್ಲಿ ಸ್ವತಂತ್ರ ರಾಜ್ಯ ಕಟ್ಟಿದವನ ಗೋರಿ ಎಂದರೆ ನಂಬುವುದು ಕಷ್ಟ, ಅಷ್ಟು ಚಿಕ್ಕದು. ಗೋಡೆಗಳು ಕೆಳಗೆ ಅಗಲ, ಮೇಲೆ ಹೋದಂತೆ ಒಳಕ್ಕೆ ಓರೆಯಾಗುತ್ತವೆ. ಗುಮ್ಮಟ ತಗ್ಗು. ಇದು ದೆಹಲಿಯ ತುಘಲಕ್ ಕಟ್ಟಡಗಳ ಓರೆ. ದೆಹಲಿಯ ವಿರುದ್ಧ ಬಂಡೆದ್ದವನು ಸತ್ತ ಮೇಲೆ ದೆಹಲಿಯ ಶೈಲಿಯ ಗೋಡೆಯೊಳಗೇ ಮಲಗಿದ್ದಾನೆ. ಈ ಓರೆಯನ್ನು ಕಣ್ಣಲ್ಲಿ ಇಟ್ಟುಕೊಳ್ಳಿ ಎಂದು ಹೇಳಿ ಮುಂದಕ್ಕೆ ಕರೆದೊಯ್ಯುವವನು ಒಳ್ಳೆಯ ಗೈಡ್.

ಈ ಹಸನ್‌ನ ಬಗ್ಗೆ ಎಲ್ಲ ಗೈಡ್‌ಗಳೂ ಹೇಳುವ ಕತೆಯೊಂದಿದೆ. ಗಂಗು ಎಂಬ ಬ್ರಾಹ್ಮಣ ಜ್ಯೋತಿಷಿಯ ಬಳಿ ಆಳಾಗಿದ್ದ ಹಸನ್‌ಗೆ ಹೊಲ ಉಳುವಾಗ ನಿಧಿ ಸಿಕ್ಕಿತು, ಅದನ್ನು ಪ್ರಾಮಾಣಿಕವಾಗಿ ಧಣಿಗೆ ಒಪ್ಪಿಸಿದ, ನೀನು ರಾಜನಾಗುತ್ತೀ ಎಂದು ಧಣಿ ಹರಸಿದ. ಕತೆ ಚೆನ್ನಾಗಿದೆ. ಆದರೆ ಅದನ್ನು ಬರೆದ ಫಿರಿಸ್ತಾ ವಿಜಯಪುರದ ಆದಿಲ್‌ಶಾಹಿ ಆಸ್ಥಾನದವನು, ಹಸನ್ ಸತ್ತು ಎರಡೂವರೆ ಶತಮಾನ ಕಳೆದ ಮೇಲಿನವನು. ಇತಿಹಾಸಕಾರರು ಇದನ್ನು ಒಪ್ಪುವುದಿಲ್ಲ. ಕತೆ ಹೇಳಬಾರದೆಂದಲ್ಲ. ಕತೆ ಹೇಳಿ, ಆಮೇಲೆ “ಇದು ಜನ ಹೇಳೂದ್ರಿ, ಕಲ್ಲಿನ್ಯಾಗ ಬರದಿದ್ದು ಬ್ಯಾರೆ” ಎಂದು ಸೇರಿಸುವ ಗೈಡ್‌ಗೆ ಐವತ್ತು ರೂಪಾಯಿ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ನಗರದ ಪಶ್ಚಿಮದ ದಿಬ್ಬದ ಮೇಲೆ ಒಂಟಿಯಾಗಿ ನಿಂತ ಚೋರ್ ಗುಂಬಜ್‌ನಲ್ಲಿ ಕಳ್ಳರು ಅಡಗುತ್ತಿದ್ದರೆಂಬುದೂ, ಕೋಟೆಯಿಂದ ಬೀದರಿಗೆ ಸುರಂಗವಿದೆಯೆಂಬುದೂ ಇದೇ ಜಾತಿಯ ಮಾತುಗಳು. ಕರ್ನಾಟಕದಲ್ಲಿ ಸುರಂಗವಿಲ್ಲದ ಕೋಟೆಯನ್ನು ನಾನಂತೂ ಕೇಳಿಲ್ಲ.

ಕೋಟೆಯೊಳಗಿನ ಜಾಮಿ ಮಸೀದಿಯಲ್ಲಿ ಮಾತು ಕಡಿಮೆ ಮಾಡಿ ಸುತ್ತಾಡಲು ಬಿಡಬೇಕು. ಸಾಮಾನ್ಯವಾಗಿ ದೊಡ್ಡ ಮಸೀದಿಗಳ ನಡುವೆ ಬಯಲು ಅಂಗಳವಿರುತ್ತದೆ. ಇಲ್ಲಿ ಅಂಗಳವೇ ಇಲ್ಲ, ಇಡೀ ಮಸೀದಿಗೆ ಚಾವಣಿ. ಪಶ್ಚಿಮಕ್ಕೆ ಒಂದು ದೊಡ್ಡ ಗುಮ್ಮಟ, ನಾಲ್ಕು ಮೂಲೆಗಳಿಗೆ ನಾಲ್ಕು, ನಡುವೆ ಸಾಲುಸಾಲಾಗಿ ಸಣ್ಣ ಗುಮ್ಮಟಗಳು. ಮಿನಾರುಗಳಿಲ್ಲ. ಪೂರ್ವ, ಉತ್ತರ, ದಕ್ಷಿಣ ಅಂಚುಗಳ ಕಮಾನುಗಳು ವಿಚಿತ್ರ: ಬಹಳ ಅಗಲ, ಆದರೆ ಕಮಾನು ಶುರುವಾಗುವ ಬುಡ ನೆಲಕ್ಕೆ ಹತ್ತಿರ. ಒಂದು ಮೂಲೆಯಲ್ಲಿ ನಿಂತು ಓಣಿಯುದ್ದಕ್ಕೂ ನೋಡಿದರೆ ಕಮಾನಿನೊಳಗೆ ಕಮಾನು, ಅದರೊಳಗೆ ಇನ್ನೊಂದು, ಹೀಗೆ ಬೆಳಕು–ನೆರಳಿನ ಪಟ್ಟೆಗಳು ಹೋಗುತ್ತಲೇ ಇರುತ್ತವೆ. ಎಲ್ಲಕ್ಕೂ ಬಿಳಿ ಗಾರೆ, ಅಲಂಕಾರ ತೀರಾ ಕಡಿಮೆ. ಸ್ಪೇನಿನ ಕಾರ್ಡೊಬಾ ಮಸೀದಿಯ ಮಾದರಿ ಎಂದು ಗೈಡ್ ಹೇಳಿಯೇ ಹೇಳುತ್ತಾರೆ. ಎರಡಕ್ಕೂ ಚಾವಣಿ, ಕಂಬ, ಕಮಾನು ಇವೆ ಎಂಬುದನ್ನು ಬಿಟ್ಟರೆ ನನಗೆ ಹೋಲಿಕೆ ಕಾಣಲಿಲ್ಲ.

ಇಲ್ಲಿನ ಶಾಸನದ ಪ್ರಕಾರ 1367ರಲ್ಲಿ, ಒಂದನೆಯ ಮುಹಮ್ಮದ್ ಷಾ ಕಾಲದಲ್ಲಿ, ಇರಾನಿನ ಕಜ್ವಿನ್ ಮೂಲದ ರಫಿ ಎಂಬವನು ಇದನ್ನು ಕಟ್ಟಿದ. ಆದರೆ ಬಹಮನಿ ವಾಸ್ತುಶಿಲ್ಪದ ಬಗ್ಗೆ ವರ್ಷಗಟ್ಟಲೆ ಕೆಲಸ ಮಾಡಿದ ಹೆಲೆನ್ ಫಿಲಾನ್ ಬೇರೆಯೇ ವಾದ ಹೂಡಿದ್ದಾರೆ: ಇದು ಮೂಲತಃ ಮಸೀದಿಯಲ್ಲ, ಆಮೇಲಿನ ಸುಲ್ತಾನ ಫಿರೋಜ್ ಷಾ ಬಹಮನಿಯ ಸಾವಿರ ಕಂಬಗಳ ದರ್ಬಾರು. ಈ ವಾದವನ್ನು ಒಪ್ಪಬೇಕೆಂದಿಲ್ಲ. ಆದರೆ ಆ ಬಿಳಿ ಓಣಿಗಳ ನಡುವೆ ನಿಂತು, ಇಲ್ಲಿ ನಮಾಜು ನಡೆಯುತ್ತಿತ್ತೋ ದರ್ಬಾರು ನಡೆಯುತ್ತಿತ್ತೋ ಎಂದು ಜೊತೆಗಿರುವವರೊಡನೆ ಜಗಳವಾಡಲು ಇದಕ್ಕಿಂತ ಒಳ್ಳೆಯ ವಿಷಯ ಸಿಗದು.

ಕೋಟೆಯ ಕೊತ್ತಲದ ಮೇಲೆ 29 ಅಡಿ ಉದ್ದದ ಬಾರಾ ಗಜಿ ತೋಪು ಇದೆ. ಜಗತ್ತಿನ ಅತಿ ಉದ್ದದ ಫಿರಂಗಿ ಎಂದು ಊರವರ ಹೆಮ್ಮೆ. ಮಕ್ಕಳಿಗೆ ಇಷ್ಟವಾಗುವುದು ಇದೇ. ಅಲ್ಲಿಂದ ಕಂದಕ, ಬಾಲಾ ಹಿಸಾರ್ ಎಂಬ ಎತ್ತರದ ಕಟ್ಟಡ ನೋಡಿ ಇಳಿದರೆ ಕೋಟೆ ಮುಗಿಯಿತು.

ಗೈಡ್‌ಗೆ ಕೊಟ್ಟ ಹಣ ವಸೂಲಾಗುವ ಜಾಗವೆಂದರೆ ನಗರದ ಪೂರ್ವಕ್ಕಿರುವ ಗೋರಿಗಳ ಆವರಣ, ಹಫ್ತ್ ಗುಂಬಜ್. ಕಲಬುರಗಿಯಿಂದ ಆಳಿದ ಬಹಮನಿ ಸುಲ್ತಾನರು ಎಂಟು ಮಂದಿ. ಅವರಲ್ಲಿ ಕೆಲವರು, ಅವರ ಬಂಧುಗಳು ಇಲ್ಲಿದ್ದಾರೆ. ಗೈಡ್ ಇಲ್ಲದೆ ಬಂದರೆ ಇದೊಂದು ಶಾಂತವಾದ, ಗಿಳಿ–ಪಾರಿವಾಳಗಳ ಆವರಣ. ಗೈಡ್ ಬಾಯಿ ಬಿಟ್ಟರೆ ರಕ್ತಪಾತ. 1378ರಲ್ಲಿ ಮುಜಾಹಿದ್ ಷಾನನ್ನು ಅವನ ಚಿಕ್ಕಪ್ಪ ದಾವೂದ್ ಕೊಲ್ಲಿಸಿ ಪಟ್ಟಕ್ಕೆ ಬಂದ. ಅದೇ ವರ್ಷ ನಮಾಜಿನಲ್ಲಿದ್ದಾಗಲೇ ದಾವೂದ್‌ನೂ ಕೊಲೆಯಾದ. ಕೊಂದವನೂ ಕೊಲೆಯಾದವನೂ ಈಗ ಒಂದೇ ಆವರಣದ ನೆರೆಹೊರೆಯವರು. 1397ರಲ್ಲಿ ಇನ್ನೊಂದು ಸುತ್ತು: ಘಿಯಾಸುದ್ದೀನ್ ಪಟ್ಟಕ್ಕೆ ಬಂದು ಎರಡು ತಿಂಗಳೊಳಗೆ ಕಣ್ಣು ಕಳೆದುಕೊಂಡ, ತಮ್ಮ ಶಂಸುದ್ದೀನ್‌ನನ್ನು ಕೂರಿಸಿದರು, ಆ ವರ್ಷ ಮುಗಿಯುವುದರೊಳಗೆ ಅವನನ್ನೂ ಇಳಿಸಿ ಫಿರೋಜ್ ಷಾ ಸಿಂಹಾಸನ ಏರಿದ.

ಬೆಳಿಗ್ಗೆ ಕಣ್ಣಲ್ಲಿ ಇಟ್ಟುಕೊಂಡಿದ್ದ ಓರೆ ಗೋಡೆಯನ್ನು ಈಗ ತೆಗೆಯಬೇಕು. ಮುಜಾಹಿದ್‌ನ ಗೋರಿ ಇನ್ನೂ ಹಸನ್‌ನ ಗೋರಿಯ ಸಂಬಂಧಿ. ಫಿರೋಜ್‌ನದಕ್ಕೆ ಬರುವಷ್ಟರಲ್ಲಿ ಗೋಡೆ ನೆಟ್ಟಗೆ ನಿಂತಿದೆ, ಎರಡು ಅಂತಸ್ತಿನ ಕಮಾನುಗಳು ಬಂದಿವೆ, ಒಂದರ ಪಕ್ಕ ಒಂದರಂತೆ ಎರಡು ಗುಮ್ಮಟಗಳ ಜೋಡಿ ಕಟ್ಟಡವಾಗಿದೆ. ಬಾಗಿಲ ಬಳಿ ಹೋಗಿ ತಲೆ ಎತ್ತಿ ನೋಡಿ: ಮೇಲಿನ ಕಲ್ಲಿನ ಸೂರು, ಅದನ್ನು ಹೊತ್ತ ಕೆತ್ತನೆಯ ಚಾಚುಕಲ್ಲುಗಳು ಯಾವುದೋ ಗುಡಿಯ ಮುಖಮಂಟಪದಿಂದ ಬಂದಂತಿವೆ. ಅದನ್ನು ಕಡೆದವರು ಗುಡಿ ಕಟ್ಟಿ ಪಳಗಿದ ಕೈಯವರೇ ಇರಬೇಕು. ಕಮಾನಿನ ಲೆಕ್ಕ ಹೊರಗಿನಿಂದ ಬಂದದ್ದು, ಉಳಿಯ ಪಟ್ಟು ಈ ನೆಲದ್ದು. ಎಪ್ಪತ್ತೈದು ವರ್ಷಗಳೊಳಗೆ ದೆಹಲಿಯ ಓರೆ ಹೋಗಿ ದಖ್ಖನಿ ರೂಪ ಬಂದದ್ದನ್ನು ಅರ್ಧ ದಿನದಲ್ಲಿ, ಕಾಲ್ನಡಿಗೆ ಮತ್ತು ಆಟೊದಲ್ಲಿ, ಕಣ್ಣಾರೆ ಕಾಣಬಹುದಾದ ಊರು ಇದು.

ಫಿರೋಜ್ ಸತ್ತದ್ದು 1422ರಲ್ಲಿ, ತಮ್ಮ ಅಹ್ಮದ್‌ಗೆ ಪಟ್ಟ ಬಿಟ್ಟುಕೊಟ್ಟ ಬೆನ್ನಿಗೆ. ಅದೇ ವರ್ಷ ಖ್ವಾಜಾ ಬಂದೇನವಾಜ್ ತೀರಿಕೊಂಡರು. ದೆಹಲಿಯಿಂದ ದಖ್ಖನ್‌ಗೆ ಬಂದ ಈ ಸೂಫಿ ಸಂತರನ್ನು ಫಿರೋಜ್ ಮೊದಲು ಗೌರವದಿಂದ ಬರಮಾಡಿಕೊಂಡ, ಆಮೇಲೆ ಇಬ್ಬರಿಗೂ ಹೊಂದಲಿಲ್ಲ. ಖ್ವಾಜಾರ ಒಲವು ಅಹ್ಮದ್ ಕಡೆ ಇತ್ತು. ಈಗ ಹೋಗಿ ನೋಡಿ: ಸುಲ್ತಾನನ ಗುಮ್ಮಟದ ಮುಂದೆ ಕಾವಲುಗಾರನ ಹೊರತು ಯಾರೂ ಇರುವುದಿಲ್ಲ, ಖ್ವಾಜಾರ ದರ್ಗಾದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ತಲೆಗೆ ಬಟ್ಟೆ, ಹೊರಗೆ ಚಪ್ಪಲಿ, ಫೋಟೊಗೆ ಮುಂಚೆ ಅನುಮತಿ. ಇವಿಷ್ಟನ್ನು ಗೈಡ್ ಮೊದಲೇ ಹೇಳಿರಬೇಕು. ದರ್ಗಾದ ಗ್ರಂಥಾಲಯದಲ್ಲಿ ಅರಬ್ಬಿ, ಫಾರಸಿ, ಉರ್ದು ಗ್ರಂಥಗಳ ದೊಡ್ಡ ಸಂಗ್ರಹವಿದೆ. ಉರುಸಿನಲ್ಲಿ ಗಂಧದ ಮೆರವಣಿಗೆ ಮೆಹಬೂಬ್ ಗುಲ್ಶನ್ ಉದ್ಯಾನದಿಂದ ಹೊರಡುತ್ತದೆ. ಹರಕೆ ಹೊತ್ತು ಬರುವವರಲ್ಲಿ ಎಲ್ಲ ಜಾತಿ, ಧರ್ಮದವರೂ ಇದ್ದಾರೆ. ಊರಿನ ಇನ್ನೊಂದು ದೊಡ್ಡ ಬಾಗಿಲು ಶರಣಬಸವೇಶ್ವರರ ಗುಡಿ, ದಾಸೋಹದ ಮನೆ. ಪಕ್ಕದಲ್ಲೇ ಅಪ್ಪನ ಕೆರೆ. ಮಾರ್ಚ್ ಹೊತ್ತಿಗೆ ನಡೆಯುವ ತೇರು ನೋಡಲು ಬಂದರೆ ಗೈಡ್ ಸಿಗುವುದು ಕಷ್ಟ, ಅವರೂ ಜಾತ್ರೆಯಲ್ಲೇ ಇರುತ್ತಾರೆ.

ಮಧ್ಯಾಹ್ನದ ಊಟ ಖಾನಾವಳಿಯಲ್ಲಿ: ಜೋಳದ ರೊಟ್ಟಿ, ಪುಂಡಿಪಲ್ಯ, ಎಣ್ಣೆಗಾಯಿ, ಶೇಂಗಾ ಹಿಂಡಿ. ಮಾಂಸ ತಿನ್ನುವವರು ತಹರಿ ಕೇಳಬಹುದು. ಸೇಡಂ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯ ಬಿಡಬೇಡಿ. ಹಳೆಯ ಎರಡು ಗುಮ್ಮಟಗಳೊಳಗೇ ಅದಿದೆ. ಇದೇ ಜಿಲ್ಲೆಯ ಸನ್ನತಿಯ ಬೌದ್ಧ ಶಿಲ್ಪಗಳನ್ನು ಬಹಮನಿ ಗುಮ್ಮಟದ ಕೆಳಗೆ ನಿಂತು ನೋಡುವ ಅವಕಾಶ ಬೇರೆಲ್ಲೂ ಇಲ್ಲ.

ಉಳಿದ ಹೊತ್ತು ಕಮಲಾಪುರದ್ದು. ಹುಮನಾಬಾದ್ ರಸ್ತೆಯಲ್ಲಿ ನಲವತ್ತು ಕಿಲೋಮೀಟರಿನೊಳಗಿನ ಹಾದಿ. ಊರು ದಾಟಿದ ಮೇಲೆ ಎರಡೂ ಕಡೆ ತೊಗರಿಯ ಕರಿ ಎರೆಹೊಲ. ಮುಂದೆ ಹೋದಂತೆ ನೆಲ ಏರುತ್ತದೆ, ಮಣ್ಣು ಕೆಂಪಾಗುತ್ತದೆ. ಇತ್ತೀಚೆಗೆ ತಾಲ್ಲೂಕಾದ ಕಮಲಾಪುರದ ಹೆಸರು ದೂರದವರೆಗೆ ಹೋಗಿರುವುದು ಅಲ್ಲಿನ ಕೆಂಪು ಬಾಳೆಯಿಂದ. ಗುಡ್ಡದ ಇಳಿಜಾರಿನ ತೋಟಗಳಲ್ಲಿ, ಕೊಟ್ಟಿಗೆ ಗೊಬ್ಬರ ಉಂಡು ಬೆಳೆಯುವ ಈ ಬಾಳೆಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಬೇರೆ ಬಾಳೆ ವರ್ಷಕ್ಕೆ ಗೊನೆ ಕೊಟ್ಟರೆ ಇದು ಹದಿನೆಂಟು ತಿಂಗಳು ಕಾಯಿಸುತ್ತದೆ. ಬೆಳೆಯುವ ಜಾಗವೇ ಚಿಕ್ಕದು, ಕಾಯುವ ಕಾಲ ದೊಡ್ಡದು. ಹಣ್ಣು ದುಬಾರಿಯಾಗಿರುವುದೂ, ಸಿರಿವಂತರ ಹಣ್ಣು ಎಂಬ ಹೆಸರು ಬಂದಿರುವುದೂ ಅದಕ್ಕೇ.

ಪ್ರವಾಸದ ಪಟ್ಟಿಗಳಲ್ಲಿ ಕಮಲಾಪುರ ಎಂದರೆ ಬಾಳೆಹಣ್ಣು ಕೊಳ್ಳಲು ಗಾಡಿ ನಿಲ್ಲಿಸುವ ಜಾಗ ಅಷ್ಟೇ. ಆದರೆ ಇದೇ ತಾಲ್ಲೂಕಿನ ಹೊಳಕುಂದಾದಲ್ಲಿ ಬಹಮನಿ ಕಾಲದ ಗೋರಿಗಳ ಒಂದು ಗುಂಪಿದೆ. ಹಫ್ತ್ ಗುಂಬಜ್‌ನಲ್ಲಿ ಕಲಿತ ಗೋಡೆ–ಕಮಾನಿನ ಪಾಠವನ್ನು ಗೈಡ್‌ನ ಸಹಾಯವಿಲ್ಲದೆ ಒಪ್ಪಿಸಿ ನೋಡಲು ಅದು ಸರಿಯಾದ ಜಾಗ. ಯಾವುದು ಹಳೆಯದು, ಯಾವುದು ಆಮೇಲಿನದು ಎಂದು ನೀವೇ ಹೇಳಿ, ಆಮೇಲೆ ಅವರನ್ನು ಕೇಳಿ.

ಹಿಂದಿರುಗುವಾಗ ಬಾಳೆ ಕೊಳ್ಳುವಿರಾದರೆ ಒಂದು ಮಾತು. ಸಿಪ್ಪೆ ಮೊದಲೇ ಕೆಂಪಾಗಿರುವುದರಿಂದ ಬಣ್ಣ ನೋಡಿ ಹಣ್ಣೋ ಕಾಯೋ ಹೇಳಲಾಗದು, ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಬೇಕು. ಗಟ್ಟಿಯಿದ್ದರೆ ಊರು ಮುಟ್ಟುವವರೆಗೆ ಕಾಯಿರಿ. ದರದ ಚೌಕಾಸಿಯನ್ನು ಗೈಡ್‌ಗೆ ಬಿಟ್ಟುಬಿಡಿ, ಇಸವಿಗಳಿಗಿಂತ ಅದು ಅವರಿಗೆ ಚೆನ್ನಾಗಿ ಗೊತ್ತು.