ಕಾಡಿನಲ್ಲಿ ದಾರಿ ತಪ್ಪಿದವರು ಸುತ್ತಿ ಸುತ್ತಿ ಅಲ್ಲಿಗೇ ಬರುವುದು ಸಿನಿಮಾದಲ್ಲಿ ಮಾತ್ರವೇ?

ಕಾಡಿನಲ್ಲಿ ನಡೆಯುವ ಹಾರರ್ ಸಿನಿಮಾಗಳಲ್ಲಿ ಒಂದು ದೃಶ್ಯವನ್ನು ನಾವೆಲ್ಲ ನೋಡಿದ್ದೇವೆ. ದಾರಿ ತಪ್ಪಿದವರು ದಿನವಿಡೀ ನಡೆಯುತ್ತಾರೆ. ಸಂಜೆ ಹೊತ್ತಿಗೆ ನೋಡಿದರೆ ಅದೇ ಮರ, ಅದೇ ಹಳ್ಳ!

1999ರಲ್ಲಿ ತೆರೆಕಂಡ ಅಮೆರಿಕದ ‘ದಿ ಬ್ಲೇರ್ ವಿಚ್ ಪ್ರಾಜೆಕ್ಟ್’ ಸಿನಿಮಾದ ಮುಖ್ಯ ಭಯವೇ ಇದು. ಮಾಟಗಾತಿಯ ಕಥೆ ಹುಡುಕಿಕೊಂಡು ಮೂವರು ವಿದ್ಯಾರ್ಥಿಗಳು ಮೇರಿಲ್ಯಾಂಡ್ ರಾಜ್ಯದ ಕಾಡಿಗೆ ಹೋಗುತ್ತಾರೆ, ನಕ್ಷೆ ಕಳೆದುಕೊಳ್ಳುತ್ತಾರೆ. ಒಂದು ದಿನ ಪೂರ್ತಿ ದಕ್ಷಿಣಕ್ಕೆ ನಡೆದರೂ, ಹಿಂದೆ ದಾಟಿದ್ದ ಹಳ್ಳದ ಮೇಲಿನ ಮರದ ದಿಮ್ಮಿಯ ಬಳಿಗೇ ಬಂದು ನಿಲ್ಲುತ್ತಾರೆ. ಇಡೀ ಸಿನಿಮಾದಲ್ಲಿ ಮಾಟಗಾತಿ ಒಮ್ಮೆಯೂ ಕಾಣಿಸುವುದಿಲ್ಲ. ಆದರೂ ನೋಡುವವರ ಎದೆ ನಡುಗುತ್ತದೆ.

ನಮ್ಮ ಕಡೆಯೂ ಇಂಥ ಮಾತುಗಳಿವೆ. ರಾತ್ರಿ ದಾರಿ ತಪ್ಪಿ ಅಲೆದವರನ್ನು ಕೊಳ್ಳಿದೆವ್ವ ಸುತ್ತಿಸಿತು ಎನ್ನುವುದುಂಟು. ಹಾಗಾದರೆ ಸುತ್ತುವುದು ನಿಜವೇ? ನಿಜ. ಆದರೆ ಅದಕ್ಕೆ ದೆವ್ವ ಬೇಕಿಲ್ಲ.

ಪ್ರಯೋಗ ಏನು ಹೇಳುತ್ತದೆ?

ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಯಾನ್ ಸೌಮನ್ ಮತ್ತು ಸಂಗಡಿಗರು ಇದನ್ನು ಪರೀಕ್ಷಿಸಿ 2009ರಲ್ಲಿ ಫಲಿತಾಂಶ ಪ್ರಕಟಿಸಿದರು. ಆರು ಮಂದಿಯನ್ನು ಸಮತಟ್ಟಾದ ದೊಡ್ಡ ಕಾಡೊಂದರಲ್ಲಿ ಬಿಟ್ಟು, “ನೇರವಾಗಿ ನಡೆಯಿರಿ” ಎಂದಷ್ಟೇ ಹೇಳಿದರು. ಅವರು ನಡೆದ ಜಾಡನ್ನು ಜಿಪಿಎಸ್ ದಾಖಲಿಸುತ್ತಿತ್ತು.

ಬಿಸಿಲಿದ್ದಾಗ ನಡೆದ ಇಬ್ಬರು ಹೆಚ್ಚು ಕಡಿಮೆ ನೇರವಾಗಿಯೇ ಹೋದರು. ಮೋಡ ಕವಿದಾಗ ನಡೆದ ನಾಲ್ವರೂ ಸುತ್ತು ಹೊಡೆದರು. ಅವರಲ್ಲಿ ಮೂವರು ತಾವೇ ನಡೆದ ಜಾಡನ್ನು ಮತ್ತೆ ಮತ್ತೆ ದಾಟಿದರು. ಅದು ಅವರ ಗಮನಕ್ಕೇ ಬರಲಿಲ್ಲ!

ಟ್ಯುನೀಷಿಯಾದ ಸಹಾರಾ ಮರುಭೂಮಿಯಲ್ಲೂ ಪ್ರಯೋಗ ನಡೆಯಿತು. ಅಲ್ಲಿ ರಾತ್ರಿ ನಡೆದವರೊಬ್ಬರು ಚಂದ್ರ ಕಾಣುವವರೆಗೆ ನೇರವಾಗಿ ಹೋದರು. ಚಂದ್ರ ಮೋಡದ ಮರೆಗೆ ಸರಿದ ಮೇಲೆ ಹಲವು ಸಲ ತಿರುಗಿ, ಬಂದ ದಿಕ್ಕಿಗೇ ಮುಖ ಮಾಡಿದರು. ಕಣ್ಣಿಗೆ ಬಟ್ಟೆ ಕಟ್ಟಿ ಬಯಲಿನಲ್ಲಿ ನಡೆಸಿದಾಗಲಂತೂ ಕೆಲವರು ಸುತ್ತಿದ ವೃತ್ತದ ಅಡ್ಡಳತೆ 20 ಮೀಟರಿಗಿಂತ ಕಡಿಮೆ.

ಒಂದು ಕಾಲು ಗಿಡ್ಡ ಇರುವುದು ಕಾರಣವೇ?

ನಮ್ಮ ಒಂದು ಕಾಲು ಇನ್ನೊಂದಕ್ಕಿಂತ ತುಸು ಉದ್ದ ಅಥವಾ ಬಲಶಾಲಿ, ಹಾಗಾಗಿ ಒಂದೇ ಬದಿಗೆ ವಾಲುತ್ತೇವೆ ಎಂಬ ವಿವರಣೆ ಬಹಳ ಹಿಂದಿನಿಂದ ಚಾಲ್ತಿಯಲ್ಲಿದೆ. ಅದು ನಿಜವಾಗಿದ್ದರೆ ಒಬ್ಬ ವ್ಯಕ್ತಿ ಯಾವಾಗಲೂ ಒಂದೇ ಕಡೆಗೆ ತಿರುಗಬೇಕಿತ್ತು. ಆದರೆ ಬಹುತೇಕರು ಒಮ್ಮೆ ಎಡಕ್ಕೆ, ಇನ್ನೊಮ್ಮೆ ಬಲಕ್ಕೆ ಸುತ್ತಿದರು.

ನಿಜವಾದ ಕಾರಣ ಮೆದುಳಿನ ಲೆಕ್ಕಾಚಾರದಲ್ಲಿದೆ. ಒಳಕಿವಿ, ಸ್ನಾಯು ಮತ್ತು ಕೀಲುಗಳಿಂದ ಬರುವ ಸುಳಿವುಗಳನ್ನು ಕೂಡಿಸಿ ಮೆದುಳು ‘ನೇರ’ ಯಾವುದೆಂದು ಅಂದಾಜಿಸುತ್ತದೆ. ಈ ಅಂದಾಜಿನಲ್ಲಿ ಹೆಜ್ಜೆಹೆಜ್ಜೆಗೂ ಚಿಕ್ಕ ತಪ್ಪುಗಳು ಸೇರುತ್ತವೆ. ದಿನಕ್ಕೆ ಕೆಲವು ಸೆಕೆಂಡು ತಪ್ಪುವ ಗಡಿಯಾರವನ್ನು ನೆನೆಯಿರಿ. ಆಗಾಗ ಸರಿಮಾಡಿದರೆ ತೊಂದರೆಯಿಲ್ಲ. ಬಿಟ್ಟರೆ ತಪ್ಪು ಬೆಳೆಯುತ್ತಲೇ ಹೋಗುತ್ತದೆ, ಗಡಿಯಾರಕ್ಕೆ ಅದರ ಅರಿವೂ ಇರುವುದಿಲ್ಲ. ಸೂರ್ಯ, ಚಂದ್ರ, ದೂರದ ಬೆಟ್ಟ ನಮ್ಮ ಈ ಗಡಿಯಾರವನ್ನು ಸರಿಮಾಡುತ್ತಿರುತ್ತವೆ. ದಟ್ಟ ಕಾಡು ಮತ್ತು ಮೋಡ ಅವನ್ನೆಲ್ಲ ಮರೆಮಾಡುತ್ತವೆ.

ಅಂದರೆ ಸಿನಿಮಾದಲ್ಲಿ ಯಾವುದು ಕಟ್ಟುಕಥೆ? ಆ ವಿದ್ಯಾರ್ಥಿಗಳ ಬಳಿ ದಿಕ್ಸೂಚಿ ಇತ್ತು! ಸರಿಯಾದ ದಿಕ್ಸೂಚಿಯನ್ನು ನೋಡಿಕೊಂಡು ನಡೆದರೆ ಹೀಗೆ ಸುತ್ತುವುದಿಲ್ಲ. ಅದಿಲ್ಲದೆ ಸುತ್ತುವುದು ಸಹಜ. ಅಂದಹಾಗೆ, ಚಿತ್ರೀಕರಣದ ವೇಳೆ ಕಾಡಿನಲ್ಲಿ ಅಲೆದ ನಟರು ದಾರಿ ತಪ್ಪದಿರಲು ಅವರ ಕೈಗೆ ಜಿಪಿಎಸ್ ಉಪಕರಣ ಕೊಟ್ಟಿದ್ದರು.

ನಾವೇ ದಾರಿ ತಪ್ಪಿದರೆ?

ಮಂಜು ಮುಸುಕುವ ಪಶ್ಚಿಮ ಘಟ್ಟಗಳಲ್ಲಿ ಚಾರಣ ಮಾಡುವವರಿಗೆ ಇದು ಜೀವದ ಪ್ರಶ್ನೆ. “ಇದೇ ದಾರಿ, ನನಗೆ ಗೊತ್ತು” ಎಂಬ ಗಟ್ಟಿ ಅನಿಸಿಕೆಯೇ ನಮ್ಮನ್ನು ಇನ್ನಷ್ಟು ಒಳಗೆ ಕರೆದೊಯ್ಯಬಹುದು. ಅನುಮಾನ ಬಂದ ಕೂಡಲೇ ನಿಲ್ಲಿ, ಕುಳಿತು ನೀರು ಕುಡಿಯಿರಿ, ಯೋಚಿಸಿ. ಬಂದ ದಾರಿ ಸ್ಪಷ್ಟವಾಗಿ ಗುರುತು ಸಿಗದಿದ್ದರೆ ಅಲ್ಲೇ ಇರುವುದು ಉತ್ತಮ. ಅಲೆಯುತ್ತಿರುವವರಿಗಿಂತ ಒಂದೆಡೆ ಇರುವವರನ್ನು ಹುಡುಕುವುದು ಸುಲಭ. ಸೀಟಿಯನ್ನು ಮೂರು ಸಲ ಊದಿ, ಬಿಡುವು ಕೊಟ್ಟು ಮತ್ತೆ ಊದಿ. ನೆಟ್‌ವರ್ಕ್ ಸಿಕ್ಕರೆ 112ಕ್ಕೆ ಕರೆ ಮಾಡಿ.

ಮರದ ಮೇಲೆ ಪಾಚಿ ಬೆಳೆದ ಬದಿಯೇ ಉತ್ತರ ಎಂಬ ಮಾತನ್ನು ನಂಬಬೇಡಿ. ತೇವದ ಕಾಡಿನಲ್ಲಿ ಅದು ಎಲ್ಲ ಬದಿಗೂ ಬೆಳೆಯುತ್ತದೆ. ಹಳ್ಳ ಹಿಡಿದು ಇಳಿದರೆ ಊರು ಸಿಗುತ್ತದೆ ಎನ್ನುವುದೂ ಘಟ್ಟದಲ್ಲಿ ಅಪಾಯ, ಎಷ್ಟೋ ಹಳ್ಳಗಳು ಜಲಪಾತವಾಗಿ ಪ್ರಪಾತಕ್ಕೆ ಧುಮುಕುತ್ತವೆ.

ಹೊರಡುವ ಮುನ್ನವೇ ಎಲ್ಲಿಗೆ ಹೋಗುತ್ತೀರಿ, ಯಾವಾಗ ಮರಳುತ್ತೀರಿ ಎಂದು ಮನೆಯವರಿಗೆ ತಿಳಿಸಿ. ಮೊಬೈಲಿನ ಜಿಪಿಎಸ್ ನೆಟ್‌ವರ್ಕ್ ಇಲ್ಲದೆಯೂ ಕೆಲಸ ಮಾಡುತ್ತದೆ. ಆದ್ದರಿಂದ ಆ ಪ್ರದೇಶದ ನಕ್ಷೆಯನ್ನು ಮೊದಲೇ ಇಳಿಸಿಟ್ಟುಕೊಳ್ಳಿ. ಬ್ಯಾಟರಿ ಮುಗಿದರೂ ಕೈಕೊಡದ ಒಂದು ಚಿಕ್ಕ ದಿಕ್ಸೂಚಿ, ಒಂದು ಸೀಟಿ ಚೀಲದಲ್ಲಿರಲಿ.

ಕಾಡಿನ ಹಾರರ್ ಸಿನಿಮಾವನ್ನು ಮನೆಯಲ್ಲಿ ಕುಳಿತು ಧಾರಾಳವಾಗಿ ನೋಡೋಣ, ಹೆದರೋಣ. ಕಾಡಿಗೆ ಹೋದಾಗ ಮಾತ್ರ ಮಾಟಗಾತಿಗೆ ಹೆದರುವ ಬದಲು, ‘ನೇರ’ ಯಾವುದೆಂದು ನಮಗೆ ಗೊತ್ತು ಎಂಬ ಭರವಸೆಯನ್ನು ಅನುಮಾನಿಸೋಣ.